ಸಹಾಯ ಬೇಕು: ಲ್ಯಾಬ್ ಮರಿಗೆ ಕೀಲು ನೋಯದ ಹಾಗೆ ವ್ಯಾಯಾಮ ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ಲ್ಯಾಬ್ರಡಾರ್‌ಗೆ ಈಗ 8 ತಿಂಗಳು. ಸುಸ್ತು ಅನ್ನೋದೇ ಇಲ್ಲ, ವಾಕಿಂಗ್ ಮುಗಿಸಿ ಬಂದಮೇಲೂ ಚಪ್ಪಲಿ ಕಚ್ಚಿಕೊಂಡು ಮನೆಯೆಲ್ಲ ಓಟ.

ದೊಡ್ಡ ತಳಿಗಳಲ್ಲಿ ಮೂಳೆಯ ತುದಿ ಪೂರ್ತಿ ಗಟ್ಟಿಯಾಗೋಕೆ ಸುಮಾರು 12ರಿಂದ 18 ತಿಂಗಳು ಬೇಕು, ಅಲ್ಲಿವರೆಗೆ ಎತ್ತರದಿಂದ ಜಿಗಿಸೋದು, ಗಟ್ಟಿ ನೆಲದ ಮೇಲೆ ತುಂಬಾ ಹೊತ್ತು ಓಡಿಸೋದು ಬೇಡ ಅಂದಿದ್ದಾರೆ ಡಾಕ್ಟರ್. ಹಾಗಾಗಿ ಚೆಂಡಾಟ ಬಂದ್. ಓಡಿಹೋಗಿ ಗಕ್ಕನೆ ತಿರುಗುವಾಗ ಟೈಲ್ಸ್ ಮೇಲೆ ಹಿಂಗಾಲೆರಡೂ ಜಾರುತ್ತಿದ್ದವು, ನೋಡೋಕೇ ಭಯ. ಈಗ ಹುಲ್ಲಿನಲ್ಲಿ ಅವನ ಊಟದ ಕಾಳು ಚೆಲ್ಲಿ ಮೂಸಿ ಹುಡುಕಿಸ್ತೀವಿ. ಓಟಕ್ಕಿಂತ ಇದರಲ್ಲೇ ಹೆಚ್ಚು ದಣೀತಾನೆ ಅನ್ನಿಸುತ್ತೆ.

ಇನ್ನೇನು ಮಾಡಬಹುದು? ಈಜು ಕಲಿಸಿದವರು ಇದ್ದರೆ, ಹೇಗೆ ಶುರು ಮಾಡಿದಿರಿ? ಮೆಟ್ಟಿಲು ಹಾರಿ ಇಳಿಯೋದನ್ನು ಹೇಗೆ ಬಿಡಿಸಿದಿರಿ? ಕಟ್ಟಿಹಾಕಿ ಅನ್ನೋ ಸಲಹೆ ಮಾತ್ರ ದಯವಿಟ್ಟು ಬೇಡ.