ಆಗದ ಆಸೆಗೆ ಕ್ಯಾಂಟೊನೀಸ್ ಮಾತಿನಲ್ಲಿ ಸಿಗುವ ನೇರ ಉತ್ತರ

ಪ್ರಶ್ನೆ (ದಾವಣಗೆರೆ)
ಮಾನ್ಯರೇ, ಚೀನಾದ ಗ್ವಾಂಗ್‌ಝೌ ನಗರದಿಂದ ಗುಂಡಿ, ಜಿಪ್ಪು ತರಿಸಿ ಇಲ್ಲಿನ ದರ್ಜಿಗಳಿಗೆ ಮಾರುವ ಸಣ್ಣ ವ್ಯಾಪಾರ ನನ್ನದು. ಮುಂಗಡವಿಲ್ಲದೆ ಮಾಲು ಕಳುಹಿಸಿದರೆ ದೀಪಾವಳಿ ಕಳೆದ ಮೇಲೆ ಹಣ ಕೊಡುವೆನೆಂದು ಅಲ್ಲಿನ ಸಗಟು ವ್ಯಾಪಾರಿಯನ್ನು ಕೇಳಿದಾಗ, ಅವರು ನಗುತ್ತಲೇ ಅಲ್ಲಿನ ಕ್ಯಾಂಟೊನೀಸ್ ಭಾಷೆಯಲ್ಲಿ ‘ಫಾತ್ ಮುಂಗ್ ಮೋ ಕಮ್ ತ್ಸೋ’ ಎಂದರು. ಇದು ಬೈಗುಳವೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಚಿತ್ರದುರ್ಗ)
ಬೈಗುಳವಲ್ಲ, ಆದರೆ ಖಡಾಖಂಡಿತವಾದ ನಿರಾಕರಣೆ. ‘ಫಾತ್ ಮುಂಗ್’ ಎಂದರೆ ಕನಸು ಕಾಣುವುದು. ಉಳಿದ ಮಾತು ‘ಅಷ್ಟು ಬೇಗ ಇಲ್ಲ’ ಎನ್ನುತ್ತದೆ. ಮಲಗುವ ಹೊತ್ತೇ ಆಗಿಲ್ಲ, ಆಗಲೇ ಕನಸೇ ಎಂಬುದು ಒಟ್ಟು ಭಾವ. ಇದೇ ಭಾಷೆಯಾಡುವ ಹಾಂಗ್‌ಕಾಂಗ್‌ನಲ್ಲಿ ನಾನು ಕೆಲಸದಲ್ಲಿದ್ದಾಗ, ಸಂಬಳ ಇಮ್ಮಡಿಯಾಗಲಿ ಎಂದು ಯಾರಾದರೂ ಹಂಬಲಿಸಿದರೆ ಜೊತೆಯವರು ಹೀಗೆಯೇ ಅನ್ನುವುದನ್ನು ಕೇಳಿದ್ದೇನೆ. ಸಮವಯಸ್ಕರಲ್ಲಿ ಇದು ಸಲಿಗೆಯ ಮಾತು. ಹಿರಿಯರಿಗೆ ಹೇಳಿದರೆ ಒರಟಾಗುತ್ತದೆ. ಇನ್ನೂ ಬಿಗಿಯಾಗಿ ಹೇಳಬೇಕಾದರೆ ‘ನಮ್ ತೋ ಮ್ ಹೋ ನಮ್’, ಅಂದರೆ ಯೋಚನೆಯನ್ನೂ ಮಾಡಬೇಡ ಎನ್ನುತ್ತಾರೆ.

ನನಗೆ ಬಹಳ ಹಿಡಿಸಿದ ಮಾತು ಬೇರೆಯದು: ಅಷ್ಟು ದೊಡ್ಡ ಕಪ್ಪೆ ಬೀದಿಯಲ್ಲಿ ಕುಪ್ಪಳಿಸುತ್ತಾ ಹೋಗುವುದುಂಟೇ? ಆ ಸೀಮೆಯಲ್ಲಿ ಕಪ್ಪೆ ತಿನ್ನುವ ಪದಾರ್ಥ. ಕೊಬ್ಬಿದ ಕಪ್ಪೆ ಕಣ್ಣಿಗೆ ಬಿದ್ದಿದ್ದರೆ ಯಾರಾದರೂ ಆಗಲೇ ಹಿಡಿದು ಅಡುಗೆಮನೆ ಸೇರಿಸಿರುತ್ತಿದ್ದರು. ಹಣ ಹಾಕಿದರೆ ತಿಂಗಳಲ್ಲಿ ದುಪ್ಪಟ್ಟು ಎಂಬಂಥ ಆಮಿಷಕ್ಕೆ ಮರುಳಾಗುವವರನ್ನು ಎಚ್ಚರಿಸಲು ಇದನ್ನೇ ಬಳಸುತ್ತಾರೆ. ನಿಮ್ಮ ಕೋರಿಕೆಗೆ ಇದು ಹೊಂದದು.

ಉತ್ತರ (ದಾವಣಗೆರೆ)
ನಮ್ಮ ‘ಹಗಲುಗನಸು’ ಇದಕ್ಕೆ ಎಷ್ಟು ಹತ್ತಿರವಾಗಿದೆ! ಸ್ನೇಹಿತನಾದರೆ ‘ಹಗಲುಗನಸು ಕಾಣಬೇಡಲೇ’ ಎಂದೇ ಅನ್ನುತ್ತೇವೆ. ಗಿರಾಕಿಗಾದರೆ ‘ಅದು ಆಗೋ ಮಾತಲ್ಲ ಬಿಡ್ರಿ’ ಎನ್ನುತ್ತೇವೆ. ಅವರು ಮೊದಲ ಬಗೆಯ ಮಾತನ್ನು ಆಡಿದ್ದಾರೆಂದರೆ ನಿಮ್ಮನ್ನು ಸ್ನೇಹಿತರೆಂದೇ ಎಣಿಸಿರಬೇಕು.

ಪ್ರಶ್ನೆ ಕೇಳಿದವರು
ಇಬ್ಬರಿಗೂ ವಂದನೆಗಳು, ಮನಸ್ಸು ಹಗುರವಾಯಿತು. ಆ ವ್ಯಾಪಾರಿ ಬೇಸರಗೊಂಡಿದ್ದರೆ ಏನು ಹೇಳುತ್ತಿದ್ದರು?

ಉತ್ತರ (ಚಿತ್ರದುರ್ಗ)
ಸಲಿಗೆಯಿಲ್ಲದ ಕಡೆ ಮಾತು ಮೆತ್ತಗಾಗುತ್ತದೆ. ‘ಹೋ ನಾನ್’, ಅಂದರೆ ಬಹಳ ಕಷ್ಟ ಎಂದಷ್ಟೇ ಹೇಳಿ ಸುಮ್ಮನಾದರೆ, ಅದನ್ನು ಬಹುಮಟ್ಟಿಗೆ ‘ಇಲ್ಲ’ ಎಂದೇ ತಿಳಿಯಬೇಕು. ನೀವು ಅರ್ಧ ಮುಂಗಡ ಕೊಡುವೆನೆಂದು ಮತ್ತೊಮ್ಮೆ ಕೇಳಿ ನೋಡಿ. ನಗುತ್ತಾ ಬೇಡವೆಂದವರು ಚೌಕಾಶಿಯ ಬಾಗಿಲು ಮುಚ್ಚಿರಲಾರರು.