ಅಪ್‌ಡೇಟ್: ವೇಪ್ ಹಿಡಿದರೂ ಬಿಡದಿದ್ದ ಆ ಬೆಳಗಿನ ಸಿಗರೇಟು

ಸಿಗರೇಟು ಬಿಡೋಕೆ ವೇಪ್‌ಗೆ (ಇ-ಸಿಗರೇಟಿಗೆ) ಬಂದರೂ ಬೆಳಗಿನ ಕಾಫಿ ಜೊತೆಯ ಒಂದು ಸಿಗರೇಟು ಮಾತ್ರ ಹೋಗ್ತಿಲ್ಲ ಅಂತ ಲಂಡನ್‌ನಿಂದ ಕೇಳಿದ್ದೆ. ಅದೂ ಈಗ ನಿಂತಿದೆ.

ಕ್ಲಿನಿಕ್‌ನ ನರ್ಸ್ ಹೇಳಿದ್ದಿಷ್ಟು: ರಾತ್ರಿ ನಿದ್ದೇಲಿ ಮೈಯಲ್ಲಿನ ನಿಕೋಟಿನ್ ಇಳಿದುಹೋಗಿರುತ್ತೆ, ಎದ್ದ ತಕ್ಷಣ ಮಿಲಿಲೀಟರಿಗೆ 6 ಮಿಲಿಗ್ರಾಂ ನಿಕೋಟಿನ್ ಇರೋ ನಿಮ್ಮ ವೇಪ್ ಲಿಕ್ವಿಡ್ ಸಾಲಲ್ಲ. ಇಲ್ಲಿ ಕಾನೂನಿನ ಮಿತಿ ಮಿಲಿಲೀಟರಿಗೆ 20 ಮಿಲಿಗ್ರಾಂ. ನಾನು 12ಕ್ಕೆ ಏರಿಸಿ, ಜೊತೆಗೆ ಚರ್ಮದ ಮೂಲಕ ನಿಕೋಟಿನ್ ಕೊಡೋ 24 ಗಂಟೆಯ ಪ್ಯಾಚ್ ಅಂಟಿಸಿಕೊಂಡೆ. ‘ಒಂದೇ ತಾನೇ’ ಅನ್ಬೇಡಿ, ಹೃದಯಕ್ಕೆ ಆ ಒಂದು ಸಿಗರೇಟೂ ಕೆಟ್ಟದ್ದೇ ಅಂದರು ನರ್ಸ್.

ನನ್ನ ಪ್ರಶ್ನೆಗೆ ‘ಕಾಫಿನೇ ಬಿಡಿ’ ಅಂದವರಿಗೆ: ಕ್ಷಮಿಸಿ, ಹಾಸನದವನ ಕೈಲಿ ಅದಾಗಲ್ಲ!

ಮುಂದಿನ ತಲೆನೋವು ಊರಿನ ಪ್ರಯಾಣ. ಭಾರತದಲ್ಲಿ 2019ರಿಂದ ಇ-ಸಿಗರೇಟು ನಿಷೇಧ, ತರೋ ಹಾಗೇ ಇಲ್ಲ. ಪ್ಯಾಚು, ನಿಕೋಟಿನ್ ಗಮ್ಮು ಹಿಡಿದು ಬರ್ತೀನಿ. ಭಾವನ ಜೊತೆ ಬೀಡಾ ಅಂಗಡಿ ಕಡೆ ಮಾತ್ರ ಹೋಗಲ್ಲ.