‘ಇಂಟರ್‌ಆಕ್ಷನ್’ ಎಂಬುದಕ್ಕೆ ‘ಹೊಕ್ಕುಬಳಕೆ’ ಒಪ್ಪುತ್ತದೆಯೇ?

ಮಾನ್ಯರೇ,

ಮನುಷ್ಯರಿಗೂ ಕಂಪ್ಯೂಟರಿಗೂ ನಡುವಿನ ‘ಇಂಟರ್‌ಆಕ್ಷನ್’ ಅನ್ನು ಎಂಜಿನಿಯರಿಂಗಿನ ಕಡೆಯಿಂದಲ್ಲದೆ ಸಂಸ್ಕೃತಿ ಮತ್ತು ವಿಮರ್ಶೆಯ ಕಡೆಯಿಂದ ನೋಡುವ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ವಿಮರ್ಶೆ’ಯ ಬಗ್ಗೆ ತಕರಾರಿಲ್ಲ, ಕಾವ್ಯಕ್ಕೆ ಸಲ್ಲುವ ಪದ ಪರದೆಗೂ ಸಲ್ಲುತ್ತದೆ. ತೊಡಕಿರುವುದು ಮೊದಲನೆಯ ಪದದಲ್ಲಿ.

ರೂಢಿಯಲ್ಲಿರುವ ‘ಸಂವಾದ’ವನ್ನು ಬಳಸಲು ಮನಸ್ಸು ಒಪ್ಪುತ್ತಿಲ್ಲ. ಮಾನವಶಾಸ್ತ್ರಜ್ಞೆ ಲೂಸಿ ಸಚ್‌ಮನ್ ಅವರು ಅಮೆರಿಕದ ಪಾಲೊ ಆಲ್ಟೊದಲ್ಲಿರುವ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ನಡೆಸಿ 1987ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಅಧ್ಯಯನವೇ ಇದಕ್ಕೆ ಕಾರಣ. ಹೆಜ್ಜೆಹೆಜ್ಜೆಗೂ ಸೂಚನೆ ಕೊಡುವ ನಕಲು ಯಂತ್ರವೊಂದರ (ನಾವು ಅದನ್ನು ಜೆರಾಕ್ಸ್ ಮಷೀನ್ ಎಂದೇ ಕರೆಯುತ್ತೇವೆನ್ನಿ) ಮುಂದೆ ಇಬ್ಬಿಬ್ಬರನ್ನು ನಿಲ್ಲಿಸಿ, ಅವರು ತಡವರಿಸುವುದನ್ನು ವಿಡಿಯೊ ಮಾಡಿ, ನಡೆದದ್ದನ್ನು ಸಚ್‌ಮನ್ ನಾಲ್ಕು ಅಂಕಣಗಳಲ್ಲಿ ಬರೆದರು. ಯಂತ್ರಕ್ಕೆ ಗೋಚರಿಸದ ಮಾತು, ನೋಟ, ಗೊಂದಲಗಳು ಮೊದಲನೆಯದರಲ್ಲಿ; ಯಂತ್ರಕ್ಕೆ ತಿಳಿಯುವ ಕ್ರಿಯೆಗಳು ಎರಡನೆಯದರಲ್ಲಿ; ಯಂತ್ರ ತೋರಿಸಿದ್ದು ಮೂರನೆಯದರಲ್ಲಿ; ಅದರ ಹಿಂದಿನ ವಿನ್ಯಾಸದ ತರ್ಕ ನಾಲ್ಕನೆಯದರಲ್ಲಿ. ಮೊದಲ ಅಂಕಣದಲ್ಲಿ ಇಬ್ಬರೂ ‘ಈಗೇನು ಮಾಡಬೇಕು’ ಎಂದು ಚರ್ಚಿಸುತ್ತಿದ್ದರೂ ಎರಡನೆಯದಕ್ಕೆ ದಾಟುವುದು ಒಂದು ಗುಂಡಿ ಒತ್ತಿದ ಸಂಗತಿ ಮಾತ್ರ. ಒಂದು ಕಡೆಯವರಿಗೆ ಇಷ್ಟು ಕಡಿಮೆ ಕೇಳಿಸುವುದನ್ನು ಸಂವಾದವೆನ್ನುವುದು ಹೇಗೆ?

‘ಅಂತರ್‌ಕ್ರಿಯೆ’ ತಪ್ಪಲ್ಲ, ಆದರೆ ನಿರ್ಜೀವ. ‘ವ್ಯವಹಾರ’ಕ್ಕೆ ಲೇವಾದೇವಿಯ ವಾಸನೆ. ‘ಒಡನಾಟ’ದಲ್ಲಿ ಯಂತ್ರಕ್ಕೆ ಇಲ್ಲದ ಅಕ್ಕರೆ ಇದೆ.

ಹೀಗಾಗಿ ‘ಹೊಕ್ಕುಬಳಕೆ’ಯತ್ತ ಮನಸ್ಸು ವಾಲಿದೆ. ‘ಬಳಕೆದಾರ’ ಈಗಾಗಲೇ ನೆಲೆಯೂರಿರುವುದರಿಂದ ಎರಡೂ ಒಂದೇ ಬಳ್ಳಿಯ ಪದಗಳಾಗುತ್ತವೆ. ಮೇಲಾಗಿ ‘ಬಳಸು’ ಎಂದರೆ ಉಪಯೋಗಿಸು ಎಂದಷ್ಟೇ ಅಲ್ಲ, ಸುತ್ತಿ ಹೋಗು ಎಂದೂ ಅರ್ಥವಿದೆ. ‘ಬಳಸುದಾರಿ’ ಎನ್ನುತ್ತೇವಲ್ಲ, ಹಾಗೆ. ಯೋಜನೆ ಹೇಳಿದಂತೆ ನೇರ ನಡೆಯದೆ, ಆಯಾ ಸನ್ನಿವೇಶಕ್ಕೆ ತಕ್ಕಂತೆ ದಾರಿ ಹುಡುಕಿಕೊಳ್ಳುವ ಜನರನ್ನೇ ಸಚ್‌ಮನ್ ಆ ವಿಡಿಯೊಗಳಲ್ಲಿ ಕಂಡದ್ದು.

ನನಗಿರುವ ಅನುಮಾನ ಒಂದೇ. ‘ಆ ಮನೆಯವರಿಗೂ ನಮಗೂ ಹೊಕ್ಕುಬಳಕೆ ಇದೆ’ ಎಂದಾಗ ಅವರು ನಮ್ಮಲ್ಲಿಗೆ, ನಾವು ಅವರಲ್ಲಿಗೆ ಹೋಗಿಬರುತ್ತೇವೆಂಬ ಅರ್ಥವೇ ನನಗೆ ಪರಿಚಿತ. ನಾವು ಹೋಗುತ್ತೇವೆ, ಅವರು ಮಾತ್ರ ನಮ್ಮ ಹೊಸಿಲು ತುಳಿಯುವುದಿಲ್ಲ ಎಂಬಂಥ ಸಂಬಂಧಕ್ಕೂ ಈ ಪದವನ್ನು ನಿಮ್ಮ ಕಡೆ ಹೇಳುವುದುಂಟೇ?